ಒಳ್ಳೆಣ್ಣೆ

ಎಳ್ಳೆಣ್ಣೆಯ ಡಬ್ಬದ ಮುಚ್ಚಳ ತೆರೆದಾಗ ನನಗೆ ಅಡುಗೆ ನೆನಪಾಗುವುದಿಲ್ಲ. ಹಲಸೂರಿನ ನಮ್ಮ ಮನೆಯ ತೇಗದ ಬಾಗಿಲು ನೆನಪಾಗುತ್ತದೆ. ಹಬ್ಬಕ್ಕೆ ಮುಂಚೆ ಅಜ್ಜಿ ಹಳೆಯ ಸೀರೆಯ ತುಂಡನ್ನು ಆ ಎಣ್ಣೆಯಲ್ಲಿ ಅದ್ದಿ, ಹಿಂಡಿ, ಮರದ ಗೆರೆಗಳ ಗುಂಟ ಒರೆಸುತ್ತಿದ್ದಳು. ಆಮೇಲೆ ಒಣಬಟ್ಟೆ ಹಿಡಿದು, ಬೆರಳಿಗೆ ಏನೂ ಅಂಟದಷ್ಟು ಹೊತ್ತು ಉಜ್ಜುತ್ತಿದ್ದಳು. ಮಧ್ಯಾಹ್ನದ ಬಿಸಿಲಿಗೆ ಬಾಗಿಲು ಜೇನಿನ ಬಣ್ಣಕ್ಕೆ ತಿರುಗುತ್ತಿತ್ತು. ಅಜ್ಜಿಗೆ ಅರಳುಮರಳು ಹಿಡಿದದ್ದು ಆ ಬಾಗಿಲಿನಿಂದಲೇ ಗೊತ್ತಾಯಿತೆಂದು ನಮ್ಮವರು ಇಂದಿಗೂ ಹೇಳುತ್ತಾರೆ. ಆ ಕಥೆಯನ್ನು ನಾನು ಒಪ್ಪುವುದಿಲ್ಲ.

ತೊಂಬತ್ತರ ದಶಕದ ಮಧ್ಯಭಾಗ. ನನಗೆ ಎಂಟು ವರ್ಷ. ಆ ಸಲ ಅಜ್ಜಿಯ ಮಣಿಕಟ್ಟು ಊದಿಕೊಂಡಿತ್ತು. "ಮಗಾ, ಬಾಗಿಲಿಗೆ ಒಂಚೂರು ಒಳ್ಳೆಣ್ಣೆ ಒರೆಸ್ಬಿಡೇ," ಎಂದು ಹೇಳಿ ಮಲಗಿದಳು. ಎಳ್ಳೆಣ್ಣೆಗೇ ಒಳ್ಳೆಣ್ಣೆ ಎಂಬ ಇನ್ನೊಂದು ಹೆಸರಿರುವುದು ನನಗೆ ತಿಳಿದಿರಲಿಲ್ಲ. ಮನೆಗೆ ಹೊಸದಾಗಿ ಬಂದಿದ್ದ, "ಇದು ಒಳ್ಳೆ ಎಣ್ಣೆ, ಹಾರ್ಟಿಗೆ ಒಳ್ಳೇದು" ಎಂದು ಅಪ್ಪ ಹೊಗಳುತ್ತಿದ್ದ ಸೂರ್ಯಕಾಂತಿ ಎಣ್ಣೆಯ ಪ್ಯಾಕೆಟ್ ಕತ್ತರಿಸಿ, ಬಾಗಿಲಿಗೆ ಧಾರಾಳವಾಗಿ ಬಳಿದೆ. ಒಣಬಟ್ಟೆಯ ನೆನಪೇ ಆಗಲಿಲ್ಲ. ಕೆಲವೇ ದಿನಗಳಲ್ಲಿ ಬಾಗಿಲು ಅಂಟಂಟಾಗಿ, ಬೀದಿಯ ಧೂಳೆಲ್ಲ ಅದರ ಮೇಲೆ ಕೂತಿತು. ಮರ್ಫಿ ಟೌನಿನಿಂದ ಬಂದ ಅತ್ತೆ ಬಾಗಿಲಿಗೆ ಕೈಯಿಟ್ಟು, "ಏನಮ್ಮಾ, ಬಾಗಿಲಿಗೂ ಒಗ್ಗರಣೆ ಹಾಕಿದ್ದೀಯಾ?" ಎಂದು ನಕ್ಕಳು. ಅಜ್ಜಿ ಬಾಗಿಲನ್ನು ಮೂಸಿ ನನ್ನ ಕಡೆ ನೋಡಿದಳು. ಬಳಿದದ್ದು ನಾನೆಂದು ಹೇಳದೆ ಅತ್ತೆಯ ಹಿಂದೆ ಸರಿದೆ. "ವಯಸ್ಸಾಯ್ತಲ್ಲ, ಕೈ ತಪ್ಪಿರ್ಬೇಕು," ಎಂದಳು ಅಜ್ಜಿ. ಅತ್ತೆ ಮತ್ತೆ ನಗಲಿಲ್ಲ. ಒಳಗೆ ಹೋಗಿ ಅಪ್ಪನಿಗೆ ಹೇಳಿದಳು: "ಅಮ್ಮಂಗೆ ಅರಳುಮರಳು ಕಣೋ. ಇನ್ಮೇಲೆ ಗ್ಯಾಸ್ ಹತ್ರ ಬಿಡ್ಬೇಡ." ಮರುದಿನದಿಂದ ಅಜ್ಜಿ ನಡುಮನೆಯಲ್ಲಿ ಕೂತಳು, ಊಟ ಅವಳಿದ್ದಲ್ಲಿಗೇ ಬರುತ್ತಿತ್ತು.

ಅವಳು ನನ್ನನ್ನು ಕಾಪಾಡಿದಳೋ, ತಾನೇ ಬಳಿದೆನೆಂದು ನಿಜವಾಗಿ ನಂಬಿದಳೋ, ನನಗೆ ಗೊತ್ತಿಲ್ಲ. ಶಾಲೆ ಮುಗಿಸಿ ದೊಡ್ಡವಳಾದ ಮೇಲೆ ಗ್ರಂಥಾಲಯದಲ್ಲಿ ಓದಿ ತಿಳಿದುಕೊಂಡೆ: ಗಾಳಿಗೆ ಬಿಟ್ಟರೆ ಎಳ್ಳೆಣ್ಣೆಯೂ ನಿಧಾನವಾಗಿ ಅಂಟಾಗುತ್ತದೆ. ಬಾಗಿಲನ್ನು ಅಷ್ಟು ವರ್ಷ ಕಾಪಾಡಿದ್ದು ಎಣ್ಣೆಯಲ್ಲ, ಒಣಬಟ್ಟೆ ಹಿಡಿದಿದ್ದ ಆ ಕೈ. ಎರಡು ಸಾವಿರದ ಇಸವಿಯ ನಂತರ ಮನೆ ಕೆಡವಿದರು. ಬಾಗಿಲು ಶಿವಾಜಿನಗರದ ಹಳೇ ಮರದ ಅಂಗಡಿಗೆ ಹೋಯಿತು. ಅದಕ್ಕೂ ಮೊದಲೇ ಅಜ್ಜಿ, ಅಡುಗೆಮನೆಯ ಹೊಸ್ತಿಲನ್ನು ಮತ್ತೆ ದಾಟದೆಯೇ, ತೀರಿಹೋಗಿದ್ದಳು. ನಾನು ಅಳಲಿಲ್ಲ, ಈಗಲೂ ಅಳು ಬರುವುದಿಲ್ಲ. ದಿನಸಿ ಅಂಗಡಿಗೆ ಹೋದಾಗ ಮಾತ್ರ "ಒಳ್ಳೆಣ್ಣೆ ಕೊಡಿ" ಎಂದೇ ಕೇಳುತ್ತೇನೆ. "ನಮ್ಮಲ್ಲಿರೋದೆಲ್ಲ ಒಳ್ಳೇದೇ ಮೇಡಂ, ಯಾವ್ದು ಬೇಕು ಹೇಳಿ," ಎನ್ನುತ್ತಾನೆ ಅಂಗಡಿಯವನು. ಅವನನ್ನೂ ನಾನು ತಿದ್ದುವುದಿಲ್ಲ.