ಮಾವನವರ ಹೆಬ್ಬೆರಳು

ಗಾಡಿ ಮಗುಚಬಹುದಿತ್ತು. ದಾರಿಯಲ್ಲಿ ಬಿಸಿಲಿಗೆ ಅವ್ವನಿಗೆ ಬವಳಿ ಬರಬಹುದಿತ್ತು. ಅವಳು ತರುವ ಗಾಣದ ಎಣ್ಣೆ ಮಗ್ಗದ ರೇಷ್ಮೆ ಮೇಲೆ ಚೆಲ್ಲಬಹುದಿತ್ತು. ಅತ್ತೆ ಮುಖ ತಿರುಗಿಸಿ ಒಳಗೆ ಹೋಗಿಬಿಡಬಹುದಿತ್ತು. ಮದುವೆಯಾದ ಮೇಲೆ ಅವ್ವ ಮೊದಲ ಸಲ ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ನನ್ನ ನೋಡಲು ಬರುವ ದಿನ, ಇಷ್ಟನ್ನೂ ಯೋಚಿಸುತ್ತಾ ನಾನು ಮಾವನವರ ಬಲಗಾಲಿನ ಹೆಬ್ಬೆರಳನ್ನೇ ನೋಡುತ್ತಿದ್ದೆ. ಉಗುರು ಸೀಳಿ ಎರಡಾಗಿದ್ದ ಬೆರಳು.

ಅವರು ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ನೇಯುವರು. ಸೀರೆಯ ಆಚೆ ಅಂಚಿಗೆ ಬೇರೆ ಬಣ್ಣ. ಆ ಬಣ್ಣದ ನೂಲಿನ ಲಾಳಿ ಹಾಕಲು ಪಕ್ಕದಲ್ಲಿ ನಾನು. ಸೊಸೆ ಮಾವನ ಮುಖ ನೋಡುವಂತಿಲ್ಲ, ಮಾತಾಡುವಂತಿಲ್ಲ. ಹಾಗಾಗಿ ತಲೆ ತಗ್ಗಿಸಿ ಕಾಲು ನೋಡುವುದು. ಹೆಬ್ಬೆರಳು ಎದ್ದರೆ ಅವರ ಲಾಳಿ ನನ್ನ ಕಡೆ ಬರುತ್ತದೆ, ಮಡಚಿದರೆ ಅವರ ಕೈ ನಿಲ್ಲುತ್ತದೆ. ಅವರು ಮಾಡುವುದು ಅವರಿಗಿಂತ ಮೊದಲೇ ನನಗೆ ಗೊತ್ತು ಎಂಬ ಜಂಬ ಬೇರೆ.

ಅತ್ತೆ ನಗುತ್ತಿದ್ದರು: “ಸಂತ್ಯಾಗೆ ಮಾವ ಕಳದ್ರೆ ಎಲ್ಲಾರ ಕಾಲು ನೋಡ್ಕಂಡು ಹುಡುಕ್ತಾಳೆ ಇವ್ಳು!”

ಅವ್ವ ಬಂದಳು. ಏನೂ ಆಗಲಿಲ್ಲ. ಎಣ್ಣೆಯ ಗಡಿಗೆಯನ್ನು ಅತ್ತೆಗೆ ಕೊಟ್ಟು ಗೋಡೆಗೊರಗಿ ನೆಲದ ಮೇಲೆ ಕೂತಳು. ಆಗ, ಹೆಬ್ಬೆರಳು ಒಂದು ಸುಳಿವೂ ಕೊಡದೆ, ಮಾವ ಲಾಳಿ ಬಿಟ್ಟು ಗುಂಡಿಯಿಂದ ದಡಕ್ಕನೆ ಎದ್ದರು. ಅವ್ವನ ಹತ್ತಿರ ಹೋಗಿ ಕೈ ಎತ್ತಿದರು.

ನನ್ನ ತವರಿನಲ್ಲಿ ಅಪ್ಪ ಗಾಣ ಬಿಟ್ಟು ಹಾಗೆ ಎದ್ದರೆ ಒಂದೇ ಅರ್ಥ. ಅವ್ವ ಎರಡೂ ತೋಳನ್ನು ತಲೆಗೆ ಅಡ್ಡ ಹಿಡಿದಳು. ನಾನು ಓಡಿ ನಡುವೆ ನಿಂತೆ. “ಬ್ಯಾಡ್ರಿ ಮಾವ, ಹೊಡೀಬ್ಯಾಡ್ರಿ!”

ಅವರೊಡನೆ ನಾನಾಡಿದ ಮೊದಲ ಮಾತು ಅದು. ನೆನೆದರೆ ಇವತ್ತಿಗೂ ಮುಖ ಸುಡುತ್ತದೆ.

ಅವ್ವ ಕೂತಲ್ಲಿಗೆ ನೇರ ಮೇಲೆ, ಸೂರಿಗೆ ಕಟ್ಟಿದ್ದ ಬಿದಿರಿನ ಗಳದಿಂದ ಅವರು ಚಾಪೆ ಎಳೆಯುತ್ತಿದ್ದರು. “ತಂಗೆಮ್ಮ ಬರೇ ನೆಲದ ಮ್ಯಾಗೆ ಕುಂತಾರಲ್ಲ ಅಂತ…” ಎಂದರು. ಹಾಸಿದರು. ಆಮೇಲೆ ತಮ್ಮ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು.

ಅವತ್ತಿನಿಂದ ಅವರು ಹೇಳದೆ ಏಳಲಿಲ್ಲ. “ಏಳ್ತೀನಮ್ಮ.” “ಬಾಗ್ಲು ಹಾಕ್ತೀನಮ್ಮ.” ಪಕ್ಕದ ಮನೆಯವರು, “ಏನಣ್ಣ, ಏಳಾಕೂ ಸೊಸೆ ಅಪ್ಪಣೆ ಬೇಕಾ?” ಎಂದರೆ, “ಹೂಂ, ಬೇಕಪ್ಪ” ಎನ್ನುವರು. ಹಾಸಿಗೆ ಹಿಡಿದ ಮೇಲೂ ನೀರಿನ ಚೆಂಬಿಗೆ ಕೈ ನೀಡುವ ಮುಂಚೆ ಹೇಳುತ್ತಿದ್ದರು. ‘ನನಗೀಗ ಭಯವಿಲ್ಲ ಮಾವ’ ಎನ್ನಬೇಕು ಅಂದುಕೊಂಡೆ. ಏನು ತಿಳಿದಾರೋ, ಹಳೆಯದನ್ನು ಕೆದಕಿದಂತಾದೀತೋ ಎಂದು ನಾನು ಲೆಕ್ಕ ಹಾಕುತ್ತಿದ್ದಾಗಲೇ ಅವರು ತೀರಿಕೊಂಡರು.

ಅವ್ವ ಬಂದ ದಿನ ಮಗ್ಗದಲ್ಲಿ ಕೆಟ್ಟಿದ್ದು ಇಷ್ಟೇ: ನಾನು ಓಡುವಾಗ ಸೆರಗು ತಾಗಿ ಒಂದು ಎಳೆ ಕಡಿದಿತ್ತು. ಮಾವ ದೂರವೇ ನಿಂತು, “ಕೈ ಚಾಚ್ತೀನಮ್ಮ” ಎಂದು ಹೇಳಿ, ನಾನು ಸರಿಯುವವರೆಗೆ ಕಾದು, ಅದಕ್ಕೆ ಗಂಟು ಹಾಕಿದರು.