ಸಾಗವಾನಿ ಗುಡ್ಡದ ಗಾರ್ಡಕ್ಕ

ಮಳೆ ಬಿದ್ದು ಸಾಗವಾನಿ ಚಿಗುರಿತೆಂದರೆ ಗಾರ್ಡಕ್ಕನ ಅಂಗೈ ಕೆಂಪಾಗುತ್ತಿತ್ತು. ಸಾಗವಾನಿಯ ಎಳೆ ಎಲೆಯನ್ನು ಎರಡು ಕೈ ನಡುವೆ ತಿಕ್ಕಿದರೆ ರಕ್ತದಂಥ ಬಣ್ಣ ಬಿಡುತ್ತದೆ. ಮಾತಾಡುತ್ತ ಮಾತಾಡುತ್ತ ಎಲೆ ತಿಕ್ಕುವುದು ಅವರಿಗೊಂದು ಚಟ. ಮೊದಲ ದಿನ ಆ ಕೈ ನೋಡಿ, ಏನೋ ಗಾಯವಾಗಿದೆ ಎಂದು ನಾನು ಗಾಬರಿಯಾದೆ. ಅವರು ನಕ್ಕು, ಖಾಕಿ ಸೀರೆಯ ಸೆರಗಿಗೆ ಕೈ ಒರೆಸಿಕೊಂಡು, ನಿಮ್ಮ ಹೆಸರೇನು, ಯಾರ ಮನೆಯವರು, ಎಷ್ಟೊತ್ತಿಗೆ ಹೊರಗೆ ಬರುತ್ತೀರಿ ಎಂದು ಒಂದೇ ಉಸಿರಿಗೆ ಕೇಳಿದರು.

ಮರಾಠಿ ಸೀಮೆಗೆ ಸೇರಿದ ನಮ್ಮೂರು ಕಾಸಾರಶಿರಸಿಯ ಹೊರಗೆ ಅರಣ್ಯ ಇಲಾಖೆಯ ಒಂದು ಕಲ್ಲುಗುಡ್ಡವಿದೆ. ನಾನು ಸಣ್ಣವಳಿದ್ದಾಗ ಅಲ್ಲಿ ಬರೀ ಹುಲ್ಲು, ಬೋಳು ಬಂಡೆ. ಆಮೇಲೆ ಇಲಾಖೆಯವರು ಸಾಗವಾನಿ, ಬೇವು ಹಚ್ಚಿದರು. ಗಿಡ ಎತ್ತರವಾದ ಮೇಲೆ ಸುತ್ತಲೂ ಒಂದು ಕಾಲುದಾರಿ ಮಾಡಿ, ಎರಡು ಬೆಂಚು ಇಟ್ಟು, ತುದಿಯಲ್ಲಿ ಹತ್ತಿ ನಿಂತು ನೋಡಲು ಒಂದು ಎತ್ತರದ ಮಚಾಣ ಕಟ್ಟಿ, ಊರ ಮಂದಿಗೆ ಅಡ್ಡಾಡಲು ತೆರೆದರು. ಬೆಳಿಗ್ಗೆ ನಮ್ಮಂಥವರು ನಡೆಯಲು ಬರುತ್ತಿದ್ದೆವು. ರವಿವಾರ ನಿಲಂಗಾದಿಂದಲೂ ಜನ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ನನಗೆ ಸಕ್ಕರೆ ಕಾಯಿಲೆ ಶುರುವಾಗಿ, ದಿನಾ ನಡೆಯಲೇಬೇಕು ಎಂದು ಡಾಕ್ಟರು ಹೇಳಿದ್ದರು. ಮೊದಲೇ ನಾನು ಅಂಜುಬುರುಕಿ. ಹಾವು, ನಾಯಿ, ಎದೆಬಡಿತ, ಎಲ್ಲದಕ್ಕೂ ಹೆದರುವವಳು.

ಆ ಗುಡ್ಡಕ್ಕೆ ಅವರೇ ಗಾರ್ಡು. ಗಂಡ ಅದೇ ಇಲಾಖೆಯಲ್ಲಿದ್ದು ಕಾಯಿಲೆಯಿಂದ ತೀರಿಕೊಂಡ ಮೇಲೆ ಆ ನೌಕರಿ ಇವರಿಗೆ ಬಂದಿತ್ತು. ಒಬ್ಬಳೇ ಮಗಳನ್ನು ಲೋಹಾರಾಕ್ಕೆ ಕೊಟ್ಟಿದ್ದರು. ಊರಿನವರೆಲ್ಲ ಅವರನ್ನು ಗಾರ್ಡಕ್ಕ ಎನ್ನುತ್ತಿದ್ದರು. ನಾನು ಶಾಲೆಯಲ್ಲಿ ಕಲಿಸುವವಳಾದ್ದರಿಂದ ನಮ್ಮ ಕಡೆಯ ರೂಢಿಯಂತೆ ಅವರು ನನ್ನನ್ನು ‘ಬಾಯಿ’ ಎಂದು ಕರೆಯುತ್ತಿದ್ದರು.

ಬೆಳಿಗ್ಗೆ ಗೇಟಿನ ಹತ್ತಿರ ನಿಂತು ಒಳಗೆ ಹೋದವರ ಮುಖವನ್ನೆಲ್ಲ ನೆನಪಿಟ್ಟುಕೊಳ್ಳುತ್ತಿದ್ದರು. ಹೇಳಿದ ಹೊತ್ತಿಗೆ ಯಾರಾದರೂ ಹೊರಗೆ ಬರದಿದ್ದರೆ ಬೈಯುತ್ತ ಹುಡುಕಿಕೊಂಡು ಹೋಗುತ್ತಿದ್ದರು. ಕೊರಳಲ್ಲಿ ಒಂದು ಸೀಟಿ. ಎರಡು ಸಲ ಊದಿದರೆ ಏನು ಎತ್ತ ಎಂದು ಕೇಳದೆ, ಮೇಲೆ ನೋಡದೆ, ದಾರಿಗೆ ಓಡಿ ಬರಬೇಕು. ಇದನ್ನು ಪ್ರತಿಯೊಬ್ಬರಿಗೂ ಪಾಠದ ಹಾಗೆ ಹೇಳಿಕೊಟ್ಟಿದ್ದರು. “ಗಿಡ ಒಮ್ಮಿಗೇ ಬೀಳಂಗಿಲ್ರಿ ಬಾಯಿ,” ಅನ್ನುತ್ತಿದ್ದರು. “ಬೀಳ್ತೀನಿ ಅಂತ ಹೇಳೇ ಬೀಳ್ತದ. ಕೇಳವರು ಇರಬೇಕು.” ನನ್ನಂಥ ಅಂಜುಬುರುಕಿಗೆ ಅವರ ಈ ಅತಿ ಎಚ್ಚರವೇ ಧೈರ್ಯ ಕೊಡುತ್ತಿತ್ತು. ಗುಡ್ಡದೊಳಗೆ ಒಬ್ಬಳೇ ನಡೆಯುವಾಗ, ನಾನು ಒಳಗಿದ್ದೇನೆ ಎಂಬುದು ಒಬ್ಬರಿಗಾದರೂ ಗೊತ್ತಿದೆ ಎಂದು ಸಮಾಧಾನವಾಗುತ್ತಿತ್ತು.

ಒಂದು ಚಳಿಗಾಲ, ಸಾಗವಾನಿಗಳ ಮೈಮೇಲೆ ಬಿಳಿ ಬಣ್ಣದ ಪಟ್ಟಿ ಕಂಡವು. ಮೂರಕ್ಕೆ ಒಂದರಂತೆ ಕಡಿಯುತ್ತಾರಂತೆ ಎಂದು ಸುದ್ದಿ. ನಡೆಯಲು ಬರುವವರಿಗೆಲ್ಲ ಹೊಟ್ಟೆ ಉರಿಯಿತು. ನೆರಳು ಹೋಗುತ್ತದೆ, ಕಟ್ಟಿಗೆ ಮಾರಿಕೊಳ್ಳುವ ಹುನ್ನಾರ ಎಂದರು. ನನ್ನ ಮರಾಠಿ ಚೆನ್ನಾಗಿದೆ ಎಂದು ಅರ್ಜಿ ಬರೆಯುವ ಕೆಲಸ ನನಗೇ ಬಂತು. ಬರೆದೆ. ಸಹಿ ಮಾಡಿಸಿ ಕಳಿಸಿದೆವು.

ಗಾರ್ಡಕ್ಕ ಸಿಟ್ಟಾಗಲಿಲ್ಲ. ನನ್ನೊಬ್ಬಳನ್ನೇ ದಟ್ಟ ಸಾಗವಾನಿಯ ನಡುವೆ ಕರೆದುಕೊಂಡು ಹೋಗಿ, ಹಿಂದೆ ಕಡಿದ ಒಂದು ಬೊಡ್ಡೆ ತೋರಿಸಿದರು. ವರ್ಷಕ್ಕೊಂದರಂತೆ ಮೂಡಿದ ಸುತ್ತುಗಳಲ್ಲಿ ನಡುವಿನವು ಬೆರಳಿನಷ್ಟು ಅಗಲ, ಅಂಚಿನವು ನೂಲಿನಷ್ಟು ತೆಳು. ಗಿಡಗಳು ಎಳೆಯವಿದ್ದಾಗ ಜಾಗವಿತ್ತು, ಬೆಳೆದ ಮೇಲೆ ಒಂದಕ್ಕೊಂದು ಬಿಸಿಲು ಕೊಡದೆ ಸೊರಗಿವೆ ಎಂದು ತಿಳಿಸಿ ಹೇಳಿದರು. “ಹತ್ತು ಮಂದಿ ಒಂದ ತಾಟನ್ಯಾಗ ಉಣ್ಣಾಕ ಕುಂತ್ರ ಯಾರ ಹೊಟ್ಟಿ ತುಂಬತದ್ರಿ?” ಎಂದರು. ಅರ್ಜಿಯಿಂದ ಕೆಲಸ ತಡವಾಗಬಹುದು, ಚಳಿಗಾಲದಲ್ಲಿ ಆಗುವುದು ಬೇಸಿಗೆಗೆ ಹೋದರೆ ಗಾಳಿಯ ಕಾಟ, ಅದೊಂದೇ ತನಗೆ ಚಿಂತೆ ಎಂದೂ ಹೇಳಿದರು. ನನಗೆ ಅವರ ಮಾತು ಸರಿ ಅನ್ನಿಸಿತು. ಆದರೆ ಅರ್ಜಿ ಹೋಗಿಬಿಟ್ಟಿತ್ತು. ಹಿಂದಕ್ಕೆ ತೆಗೆದುಕೊಳ್ಳೋಣ ಎಂದು ಉಳಿದವರಿಗೆ ಹೇಳುವ ಧೈರ್ಯ ನನಗಾಗಲಿಲ್ಲ.

ಅವರು ಹೇಳಿದಂತೆಯೇ ಆಯಿತು. ಕಾಗದ ಅಲ್ಲಿ ಇಲ್ಲಿ ತಿರುಗಿ, ಅಪ್ಪಣೆ ಬರುವ ಹೊತ್ತಿಗೆ ಬೇಸಿಗೆ ಮುಗಿಯುತ್ತ ಬಂದಿತ್ತು. ಮಧ್ಯಾಹ್ನಕ್ಕೆ ಬರುವ ಬಿರುಗಾಳಿ ಕೆಲವು ದಿನ ಬೆಳಿಗ್ಗೆಯೇ ಬೀಸತೊಡಗಿತ್ತು. ಕಡಿಯುವ ಭಾಗಕ್ಕೆ ಗಾರ್ಡಕ್ಕ ಹಗ್ಗ ಕಟ್ಟಿ, ಕೆಂಪು ಬಟ್ಟೆ ತೂಗುಹಾಕಿ, ಆ ಕಡೆ ಯಾರೂ ಹೋಗಬಾರದೆಂದು ಮನೆಮನೆಗೆ ಹೇಳಿ ಬಂದಿದ್ದರು.

ಆಗ ನನ್ನ ನಾದಿನಿ ಉದಗೀರದಿಂದ ಬಂದಿದ್ದಳು. ಮರುದಿನ ತಿರುಗಿ ಹೋಗುವವಳು, ಮಚಾಣದ ಮೇಲೆ ನಿಂತು ಒಂದು ಫೋಟೋ ತೆಗೆಸಿಕೊಳ್ಳಬೇಕೆಂದು ಹಟ ಹಿಡಿದಳು. ಮುಂದಿನ ಗೇಟಿನಿಂದ ಹೋದರೆ ಗಾರ್ಡಕ್ಕ ಬಿಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಹಿಂದಿನ ತೊಗರಿ ಹೊಲದ ಬದುವಿನಿಂದ ಹತ್ತಿದೆವು. ಹಗ್ಗ ಅಡ್ಡ ಬಂತು. ಕೊಡಲಿ ಸಪ್ಪಳವಿರಲಿಲ್ಲ, ಕಡಿಯುವವರು ಬೆಳಗಿನ ನ್ಯಾರಿ ತಿನ್ನಲು ಕೂತಿದ್ದರು. ನಾನೇ ಹಗ್ಗ ಎತ್ತಿ ಹಿಡಿದೆ. ಎಲ್ಲದಕ್ಕೂ ಹೆದರುವ ನನಗೆ ಆವತ್ತು ಅದೇನು ಧೈರ್ಯ ಬಂತೋ.

ಇಪ್ಪತ್ತು ಹೆಜ್ಜೆ ಹೋಗಿರಬೇಕು. ಕಡಿದ ಒಂದು ಸಾಗವಾನಿ ನೆಲಕ್ಕೆ ಬೀಳದೆ ಪಕ್ಕದ ಗಿಡದ ಕೊಂಬೆಗೆ ಸಿಕ್ಕು ಓರೆಯಾಗಿ ನಿಂತಿತ್ತು. ಮಚಾಣಕ್ಕೆ ಮೊದಲು ಇಲ್ಲೊಂದು ಫೋಟೋ ಇರಲಿ ಎಂದು ಅದರ ಕೆಳಗೇ ನಾದಿನಿ ಸೆರಗು ಸರಿಮಾಡಿಕೊಂಡು ನಿಂತಳು. ನಾನು ಮೊಬೈಲ್ ಎತ್ತಿದೆ. ಆಗ ಎರಡು ಸಲ ಸೀಟಿ ಕೇಳಿಸಿತು. ಅವರು ಕಲಿಸಿದ್ದೆಲ್ಲ ಮರೆತುಹೋಯಿತು. ಇಬ್ಬರೂ ನಿಂತಲ್ಲೇ ನಿಂತು ಮೇಲೆ ನೋಡಿದೆವು. ಗಾಳಿ ಬೀಸಿತು, ಮೇಲೆಲ್ಲೋ ಕಟಕಟ ಎಂದಿತು. ಗಾರ್ಡಕ್ಕ ಎಲ್ಲಿಂದ ಓಡಿ ಬಂದರೋ, ನಾದಿನಿಯನ್ನು ಎರಡೂ ಕೈಯಿಂದ ನೂಕಿದ್ದು ಮಾತ್ರ ಕಂಡೆ. ಆಮೇಲೆ ಧೂಳು. ಧೂಳು ಇಳಿದಾಗ ನಾದಿನಿ ಆಚೆ ಬಿದ್ದು ಅಳುತ್ತಿದ್ದಳು, ಅವಳಿಗೆ ತರಚಿದ ಗಾಯವಷ್ಟೇ. ಗಾರ್ಡಕ್ಕನ ಬಲಗಾಲು ತೊಡೆಯಿಂದ ಕೆಳಗೆ ದಿಮ್ಮಿಯ ಅಡಿಯಲ್ಲಿತ್ತು.

ಕೂಲಿಯವರು ಓಡಿಬಂದು ದಿಮ್ಮಿ ಎತ್ತಿದರು. ಜೀಪಿನಲ್ಲಿ ಹಾಕಿಕೊಂಡು ಉದಗೀರಕ್ಕೆ ಹೊರಟೆವು. ಅವರ ತಲೆ ನನ್ನ ತೊಡೆಯ ಮೇಲಿತ್ತು. ರಸ್ತೆಯ ತಗ್ಗು ಬಂದಾಗಲೆಲ್ಲ ಅವರ ಮುಖ ಬಿಳಿಚಿಕೊಳ್ಳುತ್ತಿತ್ತು. ಉಸಿರು ಇದೆಯೋ ಇಲ್ಲವೋ ಎಂದು ನಾನು ಮತ್ತೆ ಮತ್ತೆ ಮೂಗಿನ ಹತ್ತಿರ ಬೆರಳು ಹಿಡಿಯುತ್ತಿದ್ದೆ. ಒಮ್ಮೆ ಕಣ್ಣು ತೆರೆದು, “ಒಳಗ ಇನ್ನ ಯಾರರೆ ಉಳದಾರೇನ್ರಿ?” ಎಂದು ಕೇಳಿದರು. ಇಲ್ಲ ಎಂದೆ. ಮತ್ತೆ ಕಣ್ಣು ಮುಚ್ಚಿದರು.

ಜೀವ ಉಳಿಯಿತು. ಕಾಲಿಗೆ ಸಲಾಕೆ ಹಾಕಿದರು. ಮೂರನೆಯ ದಿನ ಮೇಲಿನ ಸಾಹೇಬರು ಆಸ್ಪತ್ರೆಗೆ ವಿಚಾರಣೆಗೆ ಬಂದರು. ಕಡಿಯುವ ಜಾಗದಲ್ಲಿ ಹೊರಗಿನ ಹೆಂಗಸರು ಹೇಗೆ ಬಂದರು ಎಂಬುದೇ ಪ್ರಶ್ನೆ. ಅದರ ಹಿಂದಿನ ಎರಡು ರಾತ್ರಿ ನಾನು ನಿದ್ದೆ ಮಾಡಿರಲಿಲ್ಲ. ನನ್ನ ಗಂಡ, ನೀನೂ ಸರಕಾರಿ ನೌಕರಿಯವಳು, ಕೇಸಾದರೆ ಕೆಲಸ ಹೋಗುತ್ತದೆ, ಕೇಳಿದರಷ್ಟೇ ಮಾತಾಡು ಎಂದಿದ್ದರು. ನಾನು ವಾರ್ಡಿನ ಬಾಗಿಲಲ್ಲಿ ನಿಂತಿದ್ದೆ. ಗಾರ್ಡಕ್ಕ ನನ್ನನ್ನು ನೋಡಿದರು. ಆಮೇಲೆ ಸಾಹೇಬರ ಕಡೆ ತಿರುಗಿ ಮರಾಠಿಯಲ್ಲಿ, ಟ್ರಾಕ್ಟರ್ ಹೋಗಲೆಂದು ಹಗ್ಗವನ್ನು ನಾನೇ ಬಿಚ್ಚಿದ್ದೆ, ತಿರುಗಿ ಕಟ್ಟುವುದು ಮರೆತೆ, ದಾರಿ ತೆರೆದಿದೆ ಎಂದು ತಿಳಿದು ಅವರು ಬಂದರು ಎಂದು ಹೇಳಿದರು. ಸಾಹೇಬರು ಬರೆದುಕೊಂಡರು. ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ.

ಆ ಒಂದು ಮಾತಿನಿಂದ ಅವರ ಸೇವಾ ಪುಸ್ತಕದಲ್ಲಿ ಕೆಲಸದಲ್ಲಿ ನಿಷ್ಕಾಳಜಿ ಮಾಡಿದರು ಎಂದು ದಾಖಲಾಯಿತು. ಗುಡ್ಡ ಅವರ ಕೈ ತಪ್ಪಿತು. ಉದಗೀರದ ಹತ್ತಿರದ ನರ್ಸರಿಯಲ್ಲಿ ಕೂತು ಸಸಿಗಳ ಚೀಲಕ್ಕೆ ಮಣ್ಣು ತುಂಬುವ ಕೆಲಸಕ್ಕೆ ಹಾಕಿದರು. ಕೋಲಿಲ್ಲದೆ ನಡೆಯಲು ಅವರಿಗೆ ಮತ್ತೆ ಆಗಲಿಲ್ಲ.

ಒಂದು ವರ್ಷದ ಮೇಲೆ ನಾನು ಧೈರ್ಯ ಮಾಡಿ ನರ್ಸರಿಗೆ ಹೋದೆ. ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. ಕೈಯಲ್ಲಿದ್ದ ಸಸಿಯನ್ನು ನೆಟ್ಟಗೆ ಮಾಡುತ್ತ ಅವರು ಹೇಳಿದರು: “ಮಂದಿ ಹಗ್ಗಾ ದಾಟ್ಯಾರ ಅಂತ ಬರಸಿದ್ರ, ಮಂದೀನೇ ಬ್ಯಾಡ ಅಂತ ಗೇಟಿಗಿ ಕೀಲಿ ಹಾಕ್ತಿದ್ರು. ಮಂದಿ ಅಡ್ಡಾಡಲಾರದ ಜಂಗಲ್ ಕಳ್ಳರ ಪಾಲು ಬಾಯಿ. ಗಾರ್ಡಿನ ತಪ್ಪು ಅಂದ್ರ ಗಾರ್ಡಿನ್ನ ಬದ್ಲಿ ಮಾಡ್ತಾರ, ಅಷ್ಟೇ.”

ನಿಮ್ಮ ಕಾಲು ಹೋಯಿತಲ್ಲ ಎಂದೆ.

“ಅದು ನಂದು. ನಾ ನೋಡ್ಕೋತೀನಿ. ನೀವು ನಡ್ಯೂದು ಬಿಟ್ಟೀರಿ ಅಂತ ಕೇಳೀನಿ. ಯಾಕ್ರಿ?”

ನಿಜ, ನಾನು ಗುಡ್ಡಕ್ಕೆ ಹೋಗುವುದನ್ನೇ ಬಿಟ್ಟಿದ್ದೆ. ಅವರು ಒತ್ತಾಯ ಮಾಡಿ ಮತ್ತೆ ಹೋಗುವಂತೆ ಮಾಡಿದರು. ಗೇಟು ತೆರೆದೇ ಇತ್ತು. ಉಳಿದ ಸಾಗವಾನಿಗಳು ಎರಡು ಮಳೆಗಾಲದಲ್ಲಿ ಮೈತುಂಬಿಕೊಂಡಿದ್ದವು. ಗಿಡಗಳ ನಡುವೆ ಬಿಸಿಲು ನೆಲ ಮುಟ್ಟುತ್ತಿತ್ತು.

ನಿವೃತ್ತರಾದ ಮೇಲೆ ಅವರು ಲೋಹಾರಾಕ್ಕೆ ಮಗಳ ಮನೆಗೆ ಹೋದರು. ನಾನು ವರ್ಷಕ್ಕೊಂದೆರಡು ಸಲ ಹೋಗಿ ಬರುತ್ತಿದ್ದೆ. ಮಗಳು ನನ್ನನ್ನು ಕಂಡರೆ ಜೀವ ಬಿಡುತ್ತಿದ್ದಳು. ನೀವು ಆವತ್ತು ಜೀಪಿನಲ್ಲಿ ಕರೆದೊಯ್ದಿದ್ದಕ್ಕೆ ನಮ್ಮವ್ವ ಉಳಿದಳು ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಆಕೆ ಹಾಗಂದಾಗಲೆಲ್ಲ ನಾನು ಬೇರೆ ಮಾತು ತೆಗೆಯುತ್ತಿದ್ದೆ. ಇವಳಿಗೆ ನಿಜ ಗೊತ್ತಾದರೆ ಏನು ಗತಿ ಎಂಬ ಹೆದರಿಕೆ ಬಸ್ಸು ಹತ್ತುವಾಗಲೇ ಶುರುವಾಗಿ ಮನೆಗೆ ಬಂದರೂ ಇಳಿಯುತ್ತಿರಲಿಲ್ಲ.

ಹೋದ ವರ್ಷ ಗಾರ್ಡಕ್ಕ ತೀರಿಕೊಂಡರು. ನಾಲ್ಕು ದಿನದ ಜ್ವರ, ಅಷ್ಟೇ. ನಾನು ಲೋಹಾರಾ ಮುಟ್ಟುವ ಹೊತ್ತಿಗೆ ವಿಭೂತಿ ಹಚ್ಚಿ ಕೂರಿಸಿದ್ದರು. ಮಣ್ಣು ಮುಗಿಸಿ ಎಲ್ಲರೂ ಮನೆಗೆ ಬಂದ ಮೇಲೆ, ಹಿತ್ತಲಲ್ಲಿ ಕೈಕಾಲು ತೊಳೆಯಲು ನಿಂತ ಮಗಳ ಹತ್ತಿರ ಹೋದೆ. ಆವತ್ತು ಹಗ್ಗ ಎತ್ತಿದವಳು ನಾನು, ನಿಮ್ಮವ್ವ ನನ್ನನ್ನು ಉಳಿಸಲು ಸುಳ್ಳು ಹೇಳಿದರು ಎಂದೆ.

ಆಕೆ ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟಳು.

“ನನಗ ಗೊತ್ತದರೀ ಬಾಯಿ. ಅವ್ವ ದವಾಖಾನ್ಯಾಗೇ ಹೇಳಿದ್ಳು. ಅವರಾಗೇ ಹೇಳೂತನಾ ನೀ ಕೇಳಬ್ಯಾಡ ಅಂದಿದ್ಳು.”

ಅಷ್ಟು ಹೇಳಿ ತಂಬಿಗೆಯಲ್ಲಿ ನೀರು ತುಂಬಿ, ಮೊದಲು ನನ್ನ ಕೈಗೆ ಕೊಟ್ಟಳು.