ಗಾಜು ಹಾಕಿಸಿಕೊಂಡ ಗೋಡೆ

ನನ್ನ ದೊಡ್ಡತ್ತಿಗೆಯ ಹೊಟ್ಟೆಕಿಚ್ಚಿನಲ್ಲಿ ಅವಳ ಇಸ್ತ್ರಿಪೆಟ್ಟಿಗೆ ಕಾಯಿಸಬಹುದಿತ್ತು, ಕರೆಂಟ್ ಬಿಲ್ಲಾದರೂ ಉಳಿಯುತ್ತಿತ್ತು. ಇದನ್ನು ಅವಳ ಎದುರಿಗೇ ಹೇಳಿ ಚೆನ್ನಾಗಿ ಬೈಸಿಕೊಂಡಿದ್ದೇನೆ. ನಮ್ಮ ಮನೆಯ ಕೆಳಗೆ ಬೀದಿಗೆ ಮುಖ ಮಾಡಿದ ಎರಡು ಕೋಣೆಗಳಿವೆ. ಒಂದರಲ್ಲಿ ದೊಡ್ಡಣ್ಣನ ಹೆಂಡತಿಯ ಲಾಂಡ್ರಿ, ಇನ್ನೊಂದರಲ್ಲಿ ಚಿಕ್ಕಣ್ಣನ ಹೆಂಡತಿಯ ಹೊಲಿಗೆ ಅಂಗಡಿ. ಮಹಡಿಯ ಮೇಲೆ ನಾನು, ಇಬ್ಬರು ವಾರಗಿತ್ತಿಯರ ನಡುವೆ ಸಿಕ್ಕಿಹಾಕಿಕೊಂಡ ಒಬ್ಬಳೇ ನಾದಿನಿ.

ಪ್ರವಾಹ ಬಂದದ್ದು ದೇವರ ಆಟವೇನಲ್ಲ. ನದಿಯ ತಡೆಗೋಡೆ ರಿಪೇರಿ ಮಾಡುತ್ತಿದ್ದ ಕಂಪನಿ ತನ್ನ ಲಾರಿಗಳು ಓಡಾಡಲಿ ಎಂದು ಗೋಡೆಯಲ್ಲಿ ಒಂದು ಕಿಂಡಿ ಬಿಟ್ಟುಕೊಂಡಿತ್ತು. ಮಳೆ ಜೋರಾದಾಗ ಅದನ್ನು ಮುಚ್ಚುವುದು ಯಾರಿಗೂ ನೆನಪಾಗಲಿಲ್ಲ. ನದಿ ನೆಟ್ಟಗೆ ನಮ್ಮ ಬೀದಿಗೆ ಬಂತು. ಕೆಳಗಿನ ಕೋಣೆಗಳಲ್ಲಿ ನೀರು ಭುಜದವರೆಗೆ ನಿಂತು, ಇಳಿದಾಗ ಗೋಡೆಯ ಸುತ್ತ ಕೆಂಪು ಗೆರೆ ಉಳಿಯಿತು.

ದೊಡ್ಡತ್ತಿಗೆಯದು ಕೊಳೆ ಕಂಡರೆ ಮೈ ಉರಿಯುವ ಜಾತಿ. ನೆಲದ ಕೆಸರು ಪೂರ್ತಿ ಹೋಗುವ ಮೊದಲೇ ಬ್ಲೀಚಿಂಗ್ ಪುಡಿ, ಬ್ರಷ್ ಹಿಡಿದು ಗೋಡೆಗೆ ಬಿದ್ದಳು. ಅವಳನ್ನು ನೋಡಿ ಎದುರು ಮನೆಯವರು, ಎದುರು ಮನೆಯವರನ್ನು ನೋಡಿ ಆಚೆ ಮನೆಯವರು, ಹೀಗೆ ಹಟಕ್ಕೆ ಬಿದ್ದು ಇಡೀ ಬೀದಿ ಉಜ್ಜಿ, ತೊಳೆದು, ಬಣ್ಣ ಬಳಿದು ಮುಗಿಸಿತು. ಚಿಕ್ಕತ್ತಿಗೆ ಮಾತ್ರ ಗೋಡೆಗಳ ಸುತ್ತ ಉದ್ದದ ಪರದೆ ಇಳಿಬಿಟ್ಟು, ಹಳೆ ಮೆಷಿನ್ನಿಗೆ ಎಣ್ಣೆ ಹಾಕಿಕೊಂಡು ಕೂತಳು. "ಸೋಮಾರಿ, ಶುದ್ಧ ಸೋಮಾರಿ," ಎಂದು ದೊಡ್ಡತ್ತಿಗೆ ಬೀದಿಗೆಲ್ಲ ಕೇಳುವಂತೆ ಹೇಳಿದಳು. ಅದು ಸುಳ್ಳೂ ಆಗಿರಲಿಲ್ಲ.

ಆಮೇಲೆ ನಗರಸಭೆ ಕಂಪನಿಯ ಮೇಲೆ ಕೇಸು ಹಾಕಿತು. ಕಿತ್ತುಹೋದ ರಸ್ತೆ, ಚರಂಡಿ, ಶಾಲೆಯ ಕಟ್ಟಡ, ಎಲ್ಲದರ ನಷ್ಟ ವಸೂಲಿ ಮಾಡುತ್ತೇವೆ ಅಂದರು. ಮಾಡಿದ್ದೇನು, ವಕೀಲರ ಫೀಸು ಕಟ್ಟಿ ಕಟ್ಟಿ ನಗರಸಭೆಗೆ ಎರಡನೇ ಪ್ರವಾಹ ಬಂದಂತಾಯಿತು. ನಮ್ಮ ತೆರಿಗೆ ತಾನೇ, ಅವರಪ್ಪನ ಗಂಟೇನು ಹೋಗಬೇಕು ಎಂದು ನಾನೂ ಗೊಣಗಿದ್ದೇನೆ. ಕಂಪನಿಯವರು ಬಲು ಜಾಣರು. "ನಿಮ್ಮ ಬೀದಿಯಲ್ಲಿ ನಿಂತದ್ದು ನದಿ ನೀರಲ್ಲ, ಚರಂಡಿ ಕಟ್ಟಿಕೊಂಡ ಮಳೆ ನೀರು, ಮೊಣಕಾಲುದ್ದ ಇದ್ದಿರಬಹುದು," ಎಂದು ವಾದಿಸಿದರು. ನೀರು ಎಲ್ಲಿವರೆಗೆ ಬಂದಿತ್ತು ಎಂದು ತೋರಿಸಲು ನಗರಸಭೆಯ ವಕೀಲರು ಬೀದಿಯೆಲ್ಲ ಅಲೆದರು. ಎಲ್ಲ ಮನೆಯೂ ಮದುಮಗಳಂತೆ ಫಳಫಳ. ಕೊನೆಗೆ ಚಿಕ್ಕತ್ತಿಗೆಯ ಪರದೆ ಸರಿಸಿದಾಗ ಗೆರೆ ಇದ್ದಹಾಗೇ ಇತ್ತು.

ಅಲ್ಲಿಂದ ಶುರುವಾಯಿತು ನೋಡಿ. ಗೋಡೆಗೆ ಯಾರೂ ಕೈ ಹಚ್ಚಬಾರದೆಂದು ನಗರಸಭೆಯ ಖರ್ಚಿನಲ್ಲಿ ಗಾಜು ಬಂತು. ಫೋಟೋದವರು ಬಂದರು, ಇಂಜಿನಿಯರು ಬಂದರು, ಚಿಕ್ಕತ್ತಿಗೆಯನ್ನು ವಕೀಲರ ಆಫೀಸಿಗೆ ಕರೆದೊಯ್ಯಲು ಕಾರು ಬಂತು. ಗೋಡೆ ನೋಡಲು ಬಂದವರು ಬಟ್ಟೆ ಹೊಲಿಯಲು ಅಳತೆ ಕೊಟ್ಟು ಹೋಗತೊಡಗಿದರು. ದೊಡ್ಡತ್ತಿಗೆ ಕಾರು ಬಂದಾಗಲೆಲ್ಲ ಬೆನ್ನು ತಿರುಗಿಸಿ, ಯಾರದೋ ಅಂಗಿಯ ಕಾಲರನ್ನು ಜೀವ ಹೋಗುವಂತೆ ಒತ್ತುತ್ತಿದ್ದಳು.

"ಕೈ ಸವೆಯೋ ಹಾಗೆ ಉಜ್ಜಿದ್ದು ನಾನು," ಎಂದಳು ಒಮ್ಮೆ ನನ್ನ ಹತ್ತಿರ. "ಒಂದು ಲೋಟ ನೀರೂ ಸುರಿಯದವಳಿಗೆ ಕಾರು. ನನ್ನ ಮುಖ ಯಾರಾದ್ರೂ ನೋಡಿದ್ರಾ?"

"ನೀನು ಬೆನ್ನು ತೋರಿಸಿದ್ರೆ ಮುಖ ಹೇಗೆ ನೋಡ್ತಾರೆ?" ಎಂದೆ. ಮೂರು ದಿನ ಮಾತು ಬಿಟ್ಟಳು.

ಅಷ್ಟಕ್ಕೇ ನಿಂತಿದ್ದರೆ ಸರಿ. ನಾಲಿಗೆ ಹರಿಬಿಟ್ಟಳು. ಬಟ್ಟೆ ಕೊಡಲು ಬಂದವರಿಗೆಲ್ಲ, "ಅದೆಲ್ಲಿ ನೀರಿನ ಗೆರೆ, ಅವಳೇ ಟೀ ಡಿಕಾಕ್ಷನ್ ಹಚ್ಚಿ ಎಳೆದಿರೋದು," ಎಂದಳು. ಆ ಮಾತು ಯಾವ ಗಿರಾಕಿಯ ಬಾಯಿಂದ ಹೋಯಿತೋ, ಕಂಪನಿಯ ವಕೀಲರ ಕಿವಿ ತಲುಪಿತು. ಅವರ ಕಡೆಯ ಸಾಕ್ಷಿಯೆಂದು ದೊಡ್ಡತ್ತಿಗೆಗೇ ಕೋರ್ಟಿನಿಂದ ಕರೆ ಬಂತು. ಕರೆದೊಯ್ಯಲು ಕಾರು ಕಳಿಸುತ್ತೇವೆ, ನಗರಸಭೆಯದಕ್ಕಿಂತ ದೊಡ್ಡದು ಎಂದು ಬೇರೆ ಕಂಪನಿಯವರು ಹೇಳಿ ಕಳಿಸಿದರು.

ಗೆರೆ ಸುಳ್ಳೆಂದಾದರೆ ಕೇಸು ಬಿದ್ದುಹೋಗುತ್ತದೆ, ಕಂಪನಿಯ ವಕೀಲರ ಫೀಸೂ ಊರಿನ ತಲೆಗೆ ಬರುತ್ತದೆ, ಸುಳ್ಳು ಸಾಕ್ಷ್ಯ ಹುಟ್ಟಿಸಿದ್ದಕ್ಕೆ ಚಿಕ್ಕತ್ತಿಗೆ ಜೈಲಿಗೂ ಹೋಗಬಹುದು. ನಗರಸಭೆಯ ವಕೀಲರು ಬಂದು ಇದನ್ನೆಲ್ಲ ಬಿಡಿಸಿ ಹೇಳಿದಾಗ ಚಿಕ್ಕತ್ತಿಗೆ ಮೆಷಿನ್ನಿನ ಮೇಲೆ ತಲೆಯಿಟ್ಟು ಅತ್ತಳು. ಊಟ ಬಿಟ್ಟಳು. ನಾನು ದೊಡ್ಡತ್ತಿಗೆಯನ್ನು ಹಿಡಿದು ಕೇಳಿದೆ, "ಏನು ಹೇಳ್ತೀಯ ಅಲ್ಲಿ?" ಅವಳು ತನ್ನ ಒಳ್ಳೆಯ ಅಂಗಿಗೆ ಇಸ್ತ್ರಿ ಹಾಕುತ್ತಾ, "ಕೇಳಿದ್ದಕ್ಕೆ ಹೇಳ್ತೀನಿ," ಎಂದಳಷ್ಟೆ. ಕೋರ್ಟಿನ ದಿನ ಕಂಪನಿಯ ಕಾರಿನ ಮುಂದಿನ ಸೀಟಿನಲ್ಲಿ ಕೂತು, ಗಾಜು ಇಳಿಸಿಕೊಂಡು, ಬೀದಿಯುದ್ದಕ್ಕೂ ಮುಖ ತೋರಿಸಿಕೊಂಡು ಹೋದಳು. ಅವಳ ಕತ್ತು ಹಿಸುಕುವಷ್ಟು ಸಿಟ್ಟು ಬಂದಿತ್ತು ನನಗೆ. ನಾನೂ ಚಿಕ್ಕತ್ತಿಗೆಯೂ ಬಸ್ಸಿನಲ್ಲಿ ಹೋದೆವು.

ಕಂಪನಿಯ ವಕೀಲರು ನಯವಾಗಿ ಕೇಳಿದರು. "ಆ ಗೆರೆ ನಿಮ್ಮ ವಾರಗಿತ್ತಿಯೇ ಎಳೆದದ್ದು ಅಂತ ನೀವು ಹೇಳಿದ್ದು ನಿಜವಾ?"

"ಹೇಳಿದ್ದು ನಿಜ," ಎಂದಳು ದೊಡ್ಡತ್ತಿಗೆ. ಪಕ್ಕದಲ್ಲಿ ಚಿಕ್ಕತ್ತಿಗೆ ನನ್ನ ಕೈ ಹಿಡಿದುಕೊಂಡಳು.

"ಅಂದ್ರೆ ಅವರೇ ಎಳೆದದ್ದು?"

"ಅವಳಾ?" ದೊಡ್ಡತ್ತಿಗೆಯ ಮೂಗು ಸೊಟ್ಟಗಾಯಿತು. "ಹೊಟ್ಟೆ ಉರಿಗೆ ನೂರು ಹೇಳ್ತೀನಿ ಸ್ವಾಮಿ, ಅದಕ್ಕೆಲ್ಲ ಕೋರ್ಟಿಗೆ ಕರೀತಾರಾ? ನಾಲ್ಕು ಗೋಡೆ ಸುತ್ತಿ, ಮೂಲೆ ತಿರುಗಿ, ಹೊರಟಲ್ಲಿಗೇ ಬಂದು ಸೇರುತ್ತೆ ಆ ಗೆರೆ. ಕೂದಲೆಳೆ ಆಚೀಚೆ ಇಲ್ಲ. ಅದು ನೀರೇ ಎಳೀಬೇಕು. ಇವಳಿಗೆ ಎರಡು ತೋಳು ಒಂದೇ ಉದ್ದ ಹೊಲಿಯೋಕೆ ಬರಲ್ಲ." ಎರಡೂ ಕೈ ಮುಂದೆ ಚಾಚಿದಳು. ಅಂಗಿಯ ಎಡತೋಳು ಮಣಿಕಟ್ಟಿನವರೆಗಿತ್ತು, ಬಲತೋಳು ಬೆರಳಿಗೆ ಬರುತ್ತಿತ್ತು. "ನೋಡಿ, ಇದು ಅವಳೇ ಹೊಲಿದದ್ದು. ಅವಳು ಹೊಲಿದದ್ದಕ್ಕೆಲ್ಲ ಇಸ್ತ್ರಿ ಹಾಕೋಳು ನಾನು. ಅಂಚು ನೆಟ್ಟಗಿರೋ ಒಂದು ಬಟ್ಟೆ ಕಂಡಿಲ್ಲ."

ಕೋರ್ಟಿಗೆ ಕೋರ್ಟೇ ನಕ್ಕಿತು. ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿಕೊಂಡರು. ಮುಂದೆ ತೀರ್ಪು ನಗರಸಭೆಯ ಕಡೆಗೇ ಆಯಿತು, ವಕೀಲರ ಖರ್ಚನ್ನೂ ಕಂಪನಿಯೇ ಕೊಡಬೇಕಾಯಿತು. ಆ ದಿನ ಮಾತ್ರ ಕಂಪನಿಯವರು ದೊಡ್ಡತ್ತಿಗೆಯನ್ನು ವಾಪಸು ಬಿಡಲು ಕಾರು ಕೊಡಲಿಲ್ಲ. ಮೂವರೂ ಒಂದೇ ಬಸ್ಸಿನಲ್ಲಿ ಬಂದೆವು.

ಚಿಕ್ಕತ್ತಿಗೆ ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದಳು. ಜೈಲು ತಪ್ಪಿತೆಂದು ಸಂತೋಷಪಡಬೇಕೋ, ಊರೆದುರು ಮಾನ ಹೋಯಿತೆಂದು ಅಳಬೇಕೋ ಅವಳಿಗೇ ತಿಳಿಯುತ್ತಿರಲಿಲ್ಲ. ನಮ್ಮ ನಿಲ್ದಾಣ ಹತ್ತಿರವಾದಾಗ ತಿರುಗಿದಳು.

"ಅಷ್ಟು ಸೊಟ್ಟ ಅಂತ ಗೊತ್ತಿದ್ರೆ ಇಷ್ಟು ವರ್ಷ ಯಾಕೆ ನನ್ನ ಹತ್ರಾನೇ ಹೊಲಿಸ್ಕೊಂಡೆ ಅಕ್ಕಾ?"

ದೊಡ್ಡತ್ತಿಗೆ ಉದ್ದವಾದ ತೋಳನ್ನು ಮೇಲಕ್ಕೆ ಮಡಚಿಕೊಂಡಳು.

"ಬೇರೆಯವಳ ಹತ್ರ ಕೊಟ್ಟಿದ್ರೆ ನಿನಗೆ ಹೊಟ್ಟೆ ಉರಿಯಲ್ವಾ," ಎಂದಳು. "ಅದು ಹೇಗಿರುತ್ತೆ ಅಂತ ನನಗೆ ಗೊತ್ತು."